ಬೆಂಗಳೂರಿನ ಕೆರೆ ಹೂಳು ಹೊಲಕ್ಕೆ ಬಂದಿದೆ: ಉಳುವ ಮೊದಲು ನೋಡಬೇಕಾದ್ದು

ಪ್ರಶ್ನೆ: ಹೊಸಕೋಟೆ ಹತ್ತಿರ ನಮಗೆ ಎರಡು ಎಕರೆ ಕೆಂಪು ಮಣ್ಣಿನ ಜಮೀನಿದೆ. ಸೊಪ್ಪು, ಮೂಲಂಗಿ, ಟೊಮ್ಯಾಟೊ ಬೆಳೆಯುತ್ತೇವೆ. ಬೆಂಗಳೂರಿನ ಕೆರೆಯೊಂದರಿಂದ ತೆಗೆದ ಹೂಳನ್ನು ಸಾಗಣೆ ಖರ್ಚಷ್ಟೇ ಕೊಟ್ಟರೆ ತಂದು ಸುರಿಯುತ್ತೇವೆ ಎಂದರು. ಅರ್ಧ ಎಕರೆಗೆ 20 ಟ್ರ್ಯಾಕ್ಟರ್ ಲೋಡು ಹಾಕಿಸಿ ಹರಡಿದ್ದೇವೆ, ಇನ್ನೂ ಉಳುಮೆ ಮಾಡಿಲ್ಲ. ಈಗ ಅದರಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತದೆ ಎಂದು ಕೆಲವರು ಹೆದರಿಸುತ್ತಿದ್ದಾರೆ. ನಮ್ಮ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಎಲ್ಲ ಸರಿಯಿದೆ. ಹೂಳು ಕೊಟ್ಟವರ ಹತ್ತಿರವೂ ಲ್ಯಾಬ್ ಸರ್ಟಿಫಿಕೇಟ್ ಇದೆ. ಉಳಿದ ಒಂದೂವರೆ ಎಕರೆಗೂ ಹಾಕಿಸಬಹುದೇ? ಹಾಕಿರುವುದನ್ನು ಏನು ಮಾಡಬೇಕು?

ಉತ್ತರ: ಮೊದಲ ಮಾತು, ಆ ಅರ್ಧ ಎಕರೆಗೆ ನೇಗಿಲು, ರೋಟವೇಟರ್ ಯಾವುದನ್ನೂ ಇಳಿಸಬೇಡಿ. ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ಸಾಲು ‘ಇನ್ನೂ ಉಳುಮೆ ಮಾಡಿಲ್ಲ’ ಎಂಬುದೊಂದೇ. ಲೋಡಿಗೆ 3 ಟನ್ ಹಿಡಿದರೆ ನೀವು ಸುರಿಸಿರುವುದು 60 ಟನ್. ಅರ್ಧ ಎಕರೆಗೆ ಹರಡಿದಾಗ ಅದು ಸುಮಾರು 2 ಸೆಂಟಿಮೀಟರ್ ದಪ್ಪದ ಪದರ. ಕೆಂಪು ನೆಲದ ಮೇಲೆ ಕಪ್ಪು ಹೂಳು ಕಣ್ಣಿಗೆ ಬೇರೆಯಾಗಿಯೇ ಕಾಣುತ್ತದೆ. ಬೇಡ ಎನ್ನಿಸಿದರೆ ಟ್ರ್ಯಾಕ್ಟರಿಗೆ ಬ್ಲೇಡ್ ಕಟ್ಟಿ ಒಂದು ದಿನದಲ್ಲಿ ಕೆರೆದು ಬದುವಿಗೆ ಸರಿಸಬಹುದು. ಒಂದು ಸಲ ಉತ್ತು ಬೆರೆಸಿದಿರೋ, ಆಮೇಲೆ ತೆಗೆಯುವ ಮಾತೇ ಇಲ್ಲ. ಆದ್ದರಿಂದ ಪರೀಕ್ಷೆ ಮೊದಲು, ಉಳುಮೆ ನಂತರ. ಉಳಿದ ಒಂದೂವರೆ ಎಕರೆಗೆ ಸದ್ಯಕ್ಕೆ ಒಂದು ಲೋಡೂ ಬೇಡ.

ಹಾಗೆಂದು ಕೆರೆ ಹೂಳೆಂದರೆ ವಿಷ ಎಂದು ತಿಳಿಯಬೇಕಾಗಿಲ್ಲ. ಬೇಸಿಗೆಯಲ್ಲಿ ಕೆರೆ ಅಂಗಳದ ಗೋಡು ಹೊಡೆದು ಹೊಲಕ್ಕೆ ಹಾಕುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ, ಒಳ್ಳೆಯ ಪದ್ಧತಿ. ಮರಳು ಹೆಚ್ಚಿರುವ ಕೆಂಪು ಮಣ್ಣಿಗೆ ಜೇಡಿ ಸೇರಿ ತೇವ ನಿಲ್ಲುತ್ತದೆ, ಗೊಬ್ಬರ ತೊಳೆದುಹೋಗುವುದು ಕಡಿಮೆಯಾಗುತ್ತದೆ. ಹೊಲ, ಗೋಮಾಳ, ಗುಡ್ಡದ ನೀರು ಮಾತ್ರ ಬರುವ ಹಳ್ಳಿ ಕೆರೆಯಾದರೆ ನಾನು ಇಷ್ಟೆಲ್ಲ ಬರೆಯುತ್ತಿರಲಿಲ್ಲ. (ಗಣಪತಿ ಬಿಡುವ ಮೂಲೆಯ ಹೂಳನ್ನು ಮಾತ್ರ ಬಿಟ್ಟು ತೆಗೆಯಿರಿ ಎನ್ನುತ್ತಿದ್ದೆ. ಹಳದಿ, ಕೇಸರಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಬಳಕೆಯಿತ್ತು.) ನೋಡಬೇಕಾದದ್ದು ಆ ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು ಎಂಬುದನ್ನು. ರಾಜಕಾಲುವೆಯಲ್ಲಿ ಎಲೆಕ್ಟ್ರೋಪ್ಲೇಟಿಂಗ್ (ಲೋಹದ ಲೇಪ ಹಾಕುವ) ಶೆಡ್ಡುಗಳ ನೀರು ಬಂದರೆ ನಿಕ್ಕಲ್, ಕ್ರೋಮಿಯಂ, ಸತು, ತಾಮ್ರ, ಕೆಲವೊಮ್ಮೆ ಕ್ಯಾಡ್ಮಿಯಂ. ಹಳೆ ಬ್ಯಾಟರಿ ಒಡೆಯುವ ಜಾಗವಿದ್ದರೆ ಸೀಸ. ರಸ್ತೆ ತೊಳೆದ ಮಳೆನೀರಿನಲ್ಲಿ ಟೈರಿನ ಸತು, ಬ್ರೇಕಿನ ತಾಮ್ರ. ಪೀಣ್ಯದ ಕಡೆಯಿಂದ ಇಳಿಯುವ ವೃಷಭಾವತಿ ಕಣಿವೆ, ಬೆಳ್ಳಂದೂರು ವರ್ತೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆ, ಹೆಬ್ಬಾಳ ಕಣಿವೆ, ಈ ಮೂರರ ನೀರೂ ಒಂದೇ ಬಗೆಯದಲ್ಲ. ಒಂದೇ ಕಣಿವೆಯ ಎರಡು ಕೆರೆಗಳ ಹೂಳೂ ಒಂದೇ ಆಗಿರುವುದಿಲ್ಲ. ನೊರೆ ಎದ್ದ ಕೆರೆಯೆಂದರೆ ಲೋಹ ಹೆಚ್ಚು ಎಂಬ ನಂಬಿಕೆಯೂ ತಪ್ಪು. ನೊರೆ ಮುಖ್ಯವಾಗಿ ಸೋಪು ಪುಡಿ, ಕೊಳಚೆಯದು. ನೊರೆಯಿಲ್ಲದ ತಿಳಿನೀರಿನ ಕೆರೆಯ ತಳದಲ್ಲೂ ಲೋಹ ಕೂತಿರಬಹುದು.

ಕೆರೆಯೊಳಗೂ ಜಾಗದಿಂದ ಜಾಗಕ್ಕೆ ವ್ಯತ್ಯಾಸವಿದೆ. ಕಾಲುವೆ ಬಂದು ಸೇರುವ ಕಡೆ ಮೊದಲು ಮರಳು ಕೂರುತ್ತದೆ, ನುಣುಪು ಜೇಡಿ ಮುಂದಕ್ಕೆ ಸಾಗಿ ನೀರು ನಿಂತ ಕಡೆ, ತೂಬಿನ ಹತ್ತಿರ ಇಳಿಯುತ್ತದೆ. ಲೋಹ ಅಂಟಿಕೊಳ್ಳುವುದು ನುಣುಪು ಕಣಕ್ಕೆ. ಅಂದರೆ ರೈತರು ‘ಒಳ್ಳೆ ಜಿಗುಟು ಗೋಡು’ ಎಂದು ಆರಿಸಿ ಕೇಳುವ ಹೂಳಿನಲ್ಲೇ ಲೋಹವೂ ಹೆಚ್ಚು. ಆಳದ್ದು ಇನ್ನೊಂದು ಲೆಕ್ಕ. ಮೇಲಿನ ಕಪ್ಪು ಕೆಸರು ಊರು ಬೆಳೆದ ಮೇಲಿನ ಕೊಳಚೆಯ ಪದರ. ಅದರ ಕೆಳಗೆ ಬೂದು ಅಥವಾ ಹಳದಿ ಛಾಯೆಯ ಗಟ್ಟಿ ಜೇಡಿ ಸಿಕ್ಕರೆ ಅದು ಕೆರೆ ಇನ್ನೂ ಹಳ್ಳಿ ಕೆರೆಯಾಗಿದ್ದ ಕಾಲದ್ದು, ಸಾಮಾನ್ಯವಾಗಿ ಶುದ್ಧ. ನಡುವಿನ ಪದರಗಳಲ್ಲಿ ಸೀಸದ ಪೆಟ್ರೋಲಿನ ಕಾಲದ ಸೀಸ ಉಳಿದಿರಬಹುದು. ಆ ಪೆಟ್ರೋಲ್ ದೇಶದಲ್ಲಿ ನಿಂತದ್ದು 2000ದಲ್ಲಿ. ಲೋಡು ತರುವವರನ್ನು ‘ಯಾವ ಕೆರೆ’ ಎಂದಷ್ಟೇ ಕೇಳಬೇಡಿ, ‘ಯಾವ ಭಾಗ, ಎಷ್ಟು ಆಳದ್ದು’ ಎಂದೂ ಕೇಳಿ. ಉತ್ತರ ಬರದಿದ್ದರೆ ಕಪ್ಪು ಪದರವೇ ಎಂದು ತಿಳಿದು ಮುಂದುವರಿಯಿರಿ.

ಈಗ ಕಾರ್ಡು, ಸರ್ಟಿಫಿಕೇಟಿನ ವಿಷಯ. ಮಣ್ಣು ಆರೋಗ್ಯ ಕಾರ್ಡಿನಲ್ಲಿ ಇರುವುದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಹುಳಿ–ಕ್ಷಾರದ ಅಳತೆಯಾದ ಪಿಎಚ್), ಲವಣಾಂಶ, ಸಾವಯವ ಇಂಗಾಲ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ಅದರಲ್ಲಿ ಇಲ್ಲವೇ ಇಲ್ಲ. ಸತು ಮತ್ತು ತಾಮ್ರ ಇವೆ, ಆದರೆ ಅವು ಡಿಟಿಪಿಎ ಎಂಬ ದ್ರಾವಣದಲ್ಲಿ ಕರಗಿ ಬಂದ ಭಾಗ ಮಾತ್ರ, ಗಿಡಕ್ಕೆ ಕೊರತೆ ಇದೆಯೇ ಎಂದು ನೋಡಲು ಮಾಡಿದ ಅಳತೆ. ಒಟ್ಟು ಸತು 300 ಪಿಪಿಎಂ (ಕಿಲೋಗೆ 300 ಮಿಲಿಗ್ರಾಂ) ಇರುವ ಮಣ್ಣಿನಲ್ಲೂ ಡಿಟಿಪಿಎ ಸತು ಅದರ ಸಣ್ಣ ಪಾಲಷ್ಟೇ ಬರುತ್ತದೆ. ಈ ಎರಡು ಅಂಕಿಗಳನ್ನು ಒಂದಕ್ಕೊಂದು ಹೋಲಿಸಿ ಜಗಳವಾಡಿದವರನ್ನು ಕಂಡಿದ್ದೇನೆ. ಕಾರ್ಡು ಸರಿಯಿದೆ ಎಂದರೆ ಲೋಹವಿಲ್ಲ ಎಂದರ್ಥವಲ್ಲ, ಲೋಹ ನೋಡಿಲ್ಲ ಎಂದರ್ಥ.

ಹೂಳು ಕೊಟ್ಟವರ ಸರ್ಟಿಫಿಕೇಟನ್ನು ನೀವು ಕಳಿಸಿಲ್ಲ. ಅದರಲ್ಲಿ ‘ಟಿಸಿಎಲ್‌ಪಿ’ ಎಂದಿದೆಯೇ ನೋಡಿ. ತ್ಯಾಜ್ಯ ಅಪಾಯಕಾರಿಯೋ ಅಲ್ಲವೋ ಎಂದು ತೀರ್ಮಾನಿಸುವ ಸೋಸು ಪರೀಕ್ಷೆ ಅದು. 1 ಪಾಲು ಹೂಳನ್ನು 20 ಪಾಲು ಆಮ್ಲೀಯ ದ್ರಾವಣದಲ್ಲಿ ಕುಲುಕಿ, ನೀರಿಗೆ ಇಳಿದ ಲೋಹ ಅಳೆಯುತ್ತಾರೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲಿ ಕ್ಯಾಡ್ಮಿಯಂ ಮಿತಿ ಲೀಟರಿಗೆ 1 ಮಿಲಿಗ್ರಾಂ, ಸೀಸದ್ದು 5. ಈಗ ಲೆಕ್ಕ ಹಾಕಿ. ಕಿಲೋಗೆ 19 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ ಹೂಳಿನಿಂದ ಎಲ್ಲವೂ ಕರಗಿ ಬಂದರೂ 19 ಭಾಗಿಸು 20, ಅಂದರೆ 0.95. ಪಾಸ್! ಹೊಲಕ್ಕೆ ಅಂಥ ಹೂಳು ಮಹಾ ಕೆಟ್ಟದ್ದು. ಸುಳ್ಳು ಸರ್ಟಿಫಿಕೇಟ್ ಎಂದು ನಾನು ಹೇಳುತ್ತಿಲ್ಲ. ಅದು ಬೇರೆ ಪ್ರಶ್ನೆಗೆ ಕೊಟ್ಟ ಉತ್ತರ, ಅಷ್ಟೇ.

ನಿಮಗೆ ಬೇಕಾದ್ದು ‘ಒಟ್ಟು ಲೋಹ’ದ ಪರೀಕ್ಷೆ. ಮಾದರಿ ತೆಗೆಯುವಲ್ಲೇ ಅರ್ಧ ತಪ್ಪು ಆಗುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಸತುವಿನ ಲೇಪ ಇರುವ ಜಿಐ ಬಕೆಟ್, ಬಾಣಲಿ, ಜಿಐ ಪೈಪು ಮುಟ್ಟಿಸಬೇಡಿ. ಸತುವಿನ ಅಂಕಿ ಅಲ್ಲಿಂದಲೇ ಏರುತ್ತದೆ. ಪ್ಲಾಸ್ಟಿಕ್ ಅಥವಾ ಸ್ಟೀಲ್ ಸಟ್ಟುಗ, ಪ್ಲಾಸ್ಟಿಕ್ ಬಕೆಟ್ ಸಾಕು. ಬಣ್ಣ ಬಳಿದ ಸನಿಕೆಯೂ ಬೇಡ. ಮೂರು ಬೇರೆ ಬೇರೆ ಮಾದರಿ ಮಾಡಿ. ಒಂದು, ಹೂಳು ಮಾತ್ರ: ಅರ್ಧ ಎಕರೆಯಲ್ಲಿ ಅಂಕುಡೊಂಕಾಗಿ ನಡೆಯುತ್ತ 15 ಕಡೆ ಮೇಲಿನ ಕಪ್ಪು ಪದರವನ್ನಷ್ಟೇ ಕೆರೆದು ತೆಗೆಯಿರಿ, ಕೆಳಗಿನ ಕೆಂಪು ಮಣ್ಣು ಸೇರಬಾರದು. ಎರಡು, ಹೂಳಿಲ್ಲದ ಒಂದೂವರೆ ಎಕರೆಯ ಮಣ್ಣು: 15 ಕಡೆ, 0–15 ಸೆಂಟಿಮೀಟರ್ ಆಳ, ಬದು, ತಿಪ್ಪೆ, ಮರದ ಬುಡ, ರಸ್ತೆ ಅಂಚು ಬಿಟ್ಟು. ಮೂರು, ಹೂಳಿನ ಅಡಿಯ ಕೆಂಪು ಮಣ್ಣು: ಕಪ್ಪನ್ನು ಪಕ್ಕಕ್ಕೆ ಸರಿಸಿ, ಅದೇ 15 ಸೆಂಟಿಮೀಟರ್. ಪ್ರತಿಯೊಂದನ್ನೂ ಬಕೆಟ್ಟಿನಲ್ಲಿ ಹೆಂಟೆ ಒಡೆದು ಕಲೆಸಿ, ಪ್ಲಾಸ್ಟಿಕ್ ಹಾಳೆಯ ಮೇಲೆ ರೊಟ್ಟಿಯಂತೆ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಎಸೆದು ಉಳಿದೆರಡನ್ನು ಮತ್ತೆ ಕಲೆಸಿ, ಅರ್ಧ ಕಿಲೋ ಉಳಿಯುವವರೆಗೆ. ನೆರಳಲ್ಲಿ ಒಣಗಿಸಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿಯನ್ನು ಹೊರಗೆ ಅಂಟಿಸಿ.

ಪಾದರಸವನ್ನೂ ನೋಡಿಸುವುದಾದರೆ ಒಂದು ಪಾಲನ್ನು ಒಣಗಿಸದೆ ಗಾಜಿನ ಬಾಟಲಿಯಲ್ಲಿ ತಣ್ಣಗೆ ಇಟ್ಟು ಕೊಡಿ. ಒಣಗಿಸುವಾಗ ಪಾದರಸ ಸ್ವಲ್ಪ ಹಾರಿಹೋಗುತ್ತದೆ.

ಲ್ಯಾಬ್ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯದಿರಲಿ. ಆದರೆ ಬೋರ್ಡು ನೋಡಿ ಸುಮ್ಮನಾಗಬೇಡಿ. ಮಾನ್ಯತೆ ‘ಮಣ್ಣಿನಲ್ಲಿ ಈ ಲೋಹ’ಕ್ಕೆ ಇದೆಯೇ, ನೀರಿಗೆ ಮಾತ್ರವೇ ಎಂದು ಕೇಳಿ. ಆಕ್ವಾ ರೀಜಿಯಾ ಎಂಬ ತೀವ್ರ ಆಮ್ಲ ಮಿಶ್ರಣದಲ್ಲಿ ಅಥವಾ ಮೈಕ್ರೋವೇವಿನಲ್ಲಿ ಆಮ್ಲ ಹಾಕಿ ಕರಗಿಸಿ, ಬಹಳ ಕಡಿಮೆ ಲೋಹವನ್ನೂ ಅಳೆಯಬಲ್ಲ ಐಸಿಪಿ–ಎಂಎಸ್‌ನಲ್ಲಿ ಅಳೆಯಲಿ. ಐಸಿಪಿ–ಓಇಎಸ್ ಕೂಡ ನಡೆಯುತ್ತದೆ. ಬರೀ ಜ್ವಾಲೆಯ ಎಎಎಸ್ ಎಂಬ ಅಳತೆ ಯಂತ್ರ ಕ್ಯಾಡ್ಮಿಯಂಗೆ ಸಾಲದು, ಕಡಿಮೆ ಮಟ್ಟದಲ್ಲಿ ಅದಕ್ಕೆ ಕಣ್ಣೇ ಕಾಣುವುದಿಲ್ಲ. ಎಕ್ಸ್-ರೇ ಹಾಯಿಸಿ ಲೋಹ ಅಳೆಯುವ, ಪಿಸ್ತೂಲಿನಂಥ ಎಕ್ಸ್‌ಆರ್‌ಎಫ್ ಯಂತ್ರ ತಂದು ಹೊಲದಲ್ಲೇ ಐದು ನಿಮಿಷದಲ್ಲಿ ಹೇಳುತ್ತೇವೆ ಎನ್ನುವವರಿದ್ದಾರೆ. ಸೀಸ, ಸತು, ತಾಮ್ರಕ್ಕೆ ಅದು ಒಳ್ಳೆಯ ಸಾಧನ, ಕ್ಯಾಡ್ಮಿಯಂಗೆ ನಿಷ್ಪ್ರಯೋಜಕ. ನಿಮಗೆ ಮುಖ್ಯವಾಗಿ ಬೇಕಾದ್ದು ಕ್ಯಾಡ್ಮಿಯಂ. ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬಂದರೆ, ಎಷ್ಟರವರೆಗೆ ಪತ್ತೆ ಹಚ್ಚಬಲ್ಲಿರಿ ಎಂಬ ಅಂಕಿ ಬರೆಸಿಕೊಳ್ಳಿ. ಪತ್ತೆ ಮಿತಿಯೇ ಕಿಲೋಗೆ 2 ಮಿಲಿಗ್ರಾಂ ಆಗಿದ್ದರೆ ಆ ಸಾಲಿಗೆ ಬೆಲೆಯಿಲ್ಲ. ಅಂಕಿಗಳು ಒಣತೂಕಕ್ಕೋ ಹಸಿತೂಕಕ್ಕೋ ಎಂಬುದನ್ನೂ ಕೇಳಿ. ಕೇಳಬೇಕಾದ ಪಟ್ಟಿ: ಕ್ಯಾಡ್ಮಿಯಂ, ಸೀಸ, ನಿಕ್ಕಲ್, ಕ್ರೋಮಿಯಂ, ತಾಮ್ರ, ಸತು, ಆರ್ಸೆನಿಕ್; ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ.

ವರದಿ ಬರುವಷ್ಟರಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಲೋಹ ಎಷ್ಟಿದೆ ಎಂದು ಅದು ಹೇಳುವುದಿಲ್ಲ, ಇರುವ ಲೋಹ ಮುಂದೆ ಹೇಗೆ ವರ್ತಿಸಬಹುದು ಎಂದು ಹೇಳುತ್ತದೆ. ಹೂಳಿನ ಒಂದು ದಪ್ಪ ಹೆಂಟೆಯನ್ನು ಮುರಿದು ನೋಡಿ. ಹೊರಗಿನ ಸಿಪ್ಪೆ ಕಂದು, ಒಳಗೆ ಇನ್ನೂ ಮಸಿಗಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಕೆರೆ ತಳದಲ್ಲಿ ಗಾಳಿಯಿಲ್ಲದೆ ಗಂಧಕವು ಸಲ್ಫೈಡ್ ಆಗಿ ಲೋಹಗಳನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ಆ ಸ್ಥಿತಿಯಲ್ಲಿ ಕ್ಯಾಡ್ಮಿಯಂ, ಸತು, ಸೀಸ ನೀರಿಗೆ ಬಹುತೇಕ ಬಿಡುವುದೇ ಇಲ್ಲ. ಹೂಳನ್ನು ಎತ್ತಿ ಗಾಳಿಗೆ ಹರಡಿದ ದಿನದಿಂದ ಸಲ್ಫೈಡ್ ಉರಿಯತೊಡಗುತ್ತದೆ, ಗಂಧಕಾಮ್ಲ ಹುಟ್ಟುತ್ತದೆ, ಲೋಹ ಸಡಿಲವಾಗುತ್ತದೆ. ನೀವು ಮುರಿದ ಹೆಂಟೆಯ ಕಂದು ಸಿಪ್ಪೆ ಅಂದರೆ ಗಾಳಿ ತಲುಪಿದಷ್ಟು ದೂರ. ಹಾಗಾಗಿ ಕೆರೆಯಲ್ಲಿ ‘ಲೋಹ ನೀರಿಗೆ ಬರುತ್ತಿಲ್ಲ’ ಎಂದ ವರದಿ ಹೊಲದಲ್ಲಿ ಆರು ವಾರದ ನಂತರದ ಸ್ಥಿತಿಗೆ ಅನ್ವಯಿಸುವುದಿಲ್ಲ.

ಪರೀಕ್ಷೆ ಹೀಗೆ. ಎರಡು ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. ಒಂದರಲ್ಲಿ ಹೂಳು ಮಾತ್ರ, ಇನ್ನೊಂದರಲ್ಲಿ 1 ಪಾಲು ಹೂಳು 9 ಪಾಲು ನಿಮ್ಮ ಕೆಂಪು ಮಣ್ಣು. ನೀವು ಹಾಕಿಸಿರುವ ಪ್ರಮಾಣದಲ್ಲಿ ಉತ್ತರೆ ಹೆಚ್ಚುಕಡಿಮೆ ಆಗುವ ಮಿಶ್ರಣ ಅದೇ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಹದ ತೇವ ಇಟ್ಟು, ಮುಚ್ಚಳ ಸಡಿಲ ಮಾಡಿ, ವಾರಕ್ಕೆರಡು ಸಲ ಕೈಯಾಡಿಸಿ. ಪೂರ್ತಿ ಒಣಗಿದರೆ ಕ್ರಿಯೆ ನಿಲ್ಲುತ್ತದೆ, ನೀರು ನಿಂತರೂ ನಿಲ್ಲುತ್ತದೆ. ಹಲವರು ತಪ್ಪುವುದು ಇಲ್ಲೇ, ಬಿಸಿಲಿಗಿಟ್ಟು ಒಣಗಿಸಿ ‘ಏನೂ ಆಗಲಿಲ್ಲ’ ಎನ್ನುತ್ತಾರೆ. ಮೊದಲ ದಿನ, 15ನೇ ದಿನ, 30ನೇ ದಿನ, 45ನೇ ದಿನ 10 ಗ್ರಾಂ ತೆಗೆದು 25 ಮಿಲಿಲೀಟರ್ ಡಿಸ್ಟಿಲ್ಡ್ ವಾಟರ್‌ನಲ್ಲಿ ಅರ್ಧ ಗಂಟೆ ಆಗಾಗ ಕಲಕಿ ರಸಸಾರ ನೋಡಿ. ಪೆನ್ನಿನಂಥ ಮೀಟರ್ ಸಾಕು, ಪ್ರತಿ ಸಲ ರಸಸಾರ 4 ಮತ್ತು 7 ಎಂದು ಗೊತ್ತಿರುವ ಬಫರ್ ದ್ರಾವಣದಲ್ಲಿ ಸರಿಹೊಂದಿಸಿಕೊಳ್ಳಿ. ರಸಸಾರ 7ರ ಆಸುಪಾಸಿನಲ್ಲೇ ನಿಂತರೆ ಹೂಳಿನಲ್ಲಿ ಆಮ್ಲವನ್ನು ತಣಿಸುವಷ್ಟು ಸುಣ್ಣದಂಶ ಇದೆ. ಕೊಳಚೆ ನೀರಿನ ಕೆರೆಗಳಲ್ಲಿ ಹೀಗಾಗುವುದುಂಟು. 6ಕ್ಕಿಂತ ಕೆಳಗೆ ಜಾರುತ್ತ ಹೋದರೆ ಲೋಹ ಸಡಿಲವಾಗುವ ದಿಕ್ಕಿನಲ್ಲಿದೆ. ಎರಡನೆಯ ಡಬ್ಬದ ಅಂಕಿಯೇ ಹೆಚ್ಚು ಮುಖ್ಯ. ನಿಮ್ಮ ಕಡೆಯ ಕೆಂಪು ಮಣ್ಣು ತಾನಾಗಿಯೇ ಹುಳಿ, ಲೋಹ ಹಿಡಿದಿಡುವ ಜೇಡಿ ಕಡಿಮೆ. ಅದೇ ಹೂಳು ಸುಣ್ಣಾಂಶದ ಕಪ್ಪು ಎರೆ ಮಣ್ಣಿಗೆ ಬಿದ್ದಿದ್ದರೆ ಇಷ್ಟು ಯೋಚಿಸಬೇಕಿರಲಿಲ್ಲ. ಕ್ಯಾಡ್ಮಿಯಂ, ಸತು, ನಿಕ್ಕಲ್ ಮೂರಕ್ಕೂ ರಸಸಾರವೇ ಕಡಿವಾಣ.

ವರದಿ ಬಂತು ಎನ್ನಿ. ಯಾವುದಕ್ಕೆ ಹೋಲಿಸುವುದು? ಹೊಲಕ್ಕೆ ಹಾಕುವ ವಸ್ತುವಿಗೆ ಹತ್ತಿರದ ಅಳತೆಗೋಲೆಂದರೆ ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿಗೆ ಹಾಕಿರುವ ಮಿತಿ. ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಡ್ಮಿಯಂ 5, ಸೀಸ 100, ನಿಕ್ಕಲ್ 50, ಕ್ರೋಮಿಯಂ 50, ತಾಮ್ರ 300, ಸತು 1000, ಆರ್ಸೆನಿಕ್ 10, ಪಾದರಸ 0.15. ಇವುಗಳಲ್ಲಿ ಯಾವುದನ್ನಾದರೂ ಸ್ಪಷ್ಟವಾಗಿ ಮೀರಿದ್ದರೆ ಕೆರೆದು ತೆಗೆಯಿರಿ, ಮುಂದಿನ ಮಾತಿಲ್ಲ. ಕ್ರೋಮಿಯಂ ಒಂದಕ್ಕೆ ವಿನಾಯಿತಿ: ನಮ್ಮ ಎಷ್ಟೋ ಮಣ್ಣುಗಳಲ್ಲಿ ಕಲ್ಲಿನಿಂದಲೇ ಬಂದ ಕ್ರೋಮಿಯಂ 50ನ್ನು ದಾಟಿರುತ್ತದೆ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್ ಎಂಬ ಕ್ರೋಮಿಯಂ ಅದಿರೇ ನೆಲದಲ್ಲಿದೆ, ಆ ಪಟ್ಟಿಯ ಮಣ್ಣಿಗೆ ಯಾವ ಕಾರ್ಖಾನೆಯೂ ಬೇಕಿಲ್ಲ. ಅದಕ್ಕೇ ಎರಡನೆಯ ಮಾದರಿ ತೆಗೆಯಿರಿ ಎಂದದ್ದು. ಹೂಳಿನ ಕ್ರೋಮಿಯಂ ನಿಮ್ಮ ಮಣ್ಣಿನದಕ್ಕೆ ಹತ್ತಿರವಿದ್ದರೆ ಗಾಬರಿ ಬೇಡ, ಎರಡು ಮೂರು ಪಟ್ಟಿದ್ದರೆ ಪ್ಲೇಟಿಂಗ್ ನೀರಿನ ಗುರುತು. ಆಗ ಆರು ವೇಲೆನ್ಸಿಯ ಕ್ರೋಮಿಯಂ ಪ್ರತ್ಯೇಕವಾಗಿ ನೋಡಿಸಿ. ವಿಷ ಇರುವುದು ಅದರಲ್ಲಿ. ಸಾವಯವ ತುಂಬಿದ ಕಪ್ಪು ಹೂಳಿನಲ್ಲಿ ಅದು ಹೆಚ್ಚಾಗಿ ಮೂರು ವೇಲೆನ್ಸಿಗೆ ಇಳಿದು ಕೂತಿರುತ್ತದೆ.

ಮಿತಿಯೊಳಗಿದ್ದರೆ ಸರಿಯೇ? ಇಲ್ಲ. ಕಾಂಪೋಸ್ಟನ್ನು ಎಕರೆಗೆ ಎರಡು ಮೂರು ಟನ್ ಹಾಕುತ್ತೇವೆ. ನೀವು ಹಾಕಿರುವುದು ಅರ್ಧ ಎಕರೆಗೇ 60 ಟನ್. ಅದೇ ಅಂಕಿಯ ವಸ್ತು ಇಷ್ಟು ಪಟ್ಟು ಬಿದ್ದಾಗ ಮಿತಿಯ ಅರ್ಥವೇ ಬದಲಾಗುತ್ತದೆ. ಲೆಕ್ಕಕ್ಕೆಂದು ಹೂಳಿನಲ್ಲಿ ಕ್ಯಾಡ್ಮಿಯಂ 4 ಇದೆ ಎಂದುಕೊಳ್ಳಿ, ಕಾಂಪೋಸ್ಟ್ ಮಿತಿಯಲ್ಲಿ ಪಾಸ್. 60 ಟನ್ನಿನಲ್ಲಿ ನೂರಕ್ಕೆ 30 ಪಾಲು ನೀರು ಕಳೆದರೆ 42 ಟನ್ ಒಣ ಹೂಳು. 42,000 ಕಿಲೋ ಗುಣಿಸು 4 ಮಿಲಿಗ್ರಾಂ, 168 ಗ್ರಾಂ ಕ್ಯಾಡ್ಮಿಯಂ. ಅರ್ಧ ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 400 ಟನ್. ಅದರಲ್ಲಿ ಮೊದಲೇ 0.2 ಇದ್ದರೆ 80 ಗ್ರಾಂ. ಎರಡೂ ಸೇರಿ 248 ಗ್ರಾಂ, 442 ಟನ್ ಮಣ್ಣಿನಲ್ಲಿ. ಅಂದರೆ ಕಿಲೋಗೆ 0.56, ಇದ್ದದ್ದರ ಹೆಚ್ಚುಕಡಿಮೆ ಮೂರು ಪಟ್ಟು.

ಕೊಳಚೆ ಗಸಿಯನ್ನು ಹೊಲಕ್ಕೆ ಹಾಕುವ ಬಗ್ಗೆ ಯುರೋಪು 1986ರಲ್ಲಿ ಮಾಡಿದ ನಿರ್ದೇಶನದಲ್ಲಿ ಮಣ್ಣಿನ ಕ್ಯಾಡ್ಮಿಯಂ ಮಿತಿ 1ರಿಂದ 3, ಅದೂ ರಸಸಾರ 6ರಿಂದ 7 ಇರುವ ಮಣ್ಣಿಗೆ. (ಸೀಸ 50–300, ನಿಕ್ಕಲ್ 30–75, ತಾಮ್ರ 50–140, ಸತು 150–300.) ಭಾರತದ ಲೇಖನಗಳಲ್ಲಿ ಕ್ಯಾಡ್ಮಿಯಂಗೆ 3–6 ಎಂಬ ಇನ್ನೂ ಸಡಿಲವಾದ ಮಿತಿ ಉಲ್ಲೇಖವಾಗುತ್ತಿರುತ್ತದೆ. ಹುಳಿ ಕೆಂಪು ಮಣ್ಣಿನಲ್ಲಿ ಸೊಪ್ಪು ಬೆಳೆಯುವವರಿಗೆ ನಾನು 1ನ್ನೂ ಒಪ್ಪುವುದಿಲ್ಲ. ಬೆರೆತ ಮೇಲೆ 0.5 ದಾಟುವಂತಿದ್ದರೆ ಬೇಡ ಎನ್ನುತ್ತೇನೆ. ಇದು ಸರ್ಕಾರದ ಅಂಕಿಯಲ್ಲ, ನನ್ನ ತೀರ್ಮಾನ. ಕಾರಣ ಮುಂದಿನ ಲೆಕ್ಕದಲ್ಲಿದೆ.

ಆ 168 ಗ್ರಾಂ ಹೊರಗೆ ಹೋಗಲು ಎಷ್ಟು ಕಾಲ ಬೇಕು? ಸೊಪ್ಪಿನಲ್ಲಿ ಕ್ಯಾಡ್ಮಿಯಂಗೆ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ಮಿತಿ ಹಸಿ ತೂಕದ ಕಿಲೋಗೆ 0.2 ಮಿಲಿಗ್ರಾಂ. ನಿಮ್ಮ ಪಾಲಕ್ ಆ ಮಿತಿಯ ಅಂಚಿನಲ್ಲೇ ಇದ್ದು, ಅರ್ಧ ಎಕರೆಯಿಂದ ಬೆಳೆಯೊಂದಕ್ಕೆ 5 ಟನ್ ಹೊರಗೆ ಹೋಯಿತೆನ್ನಿ. 5,000 ಗುಣಿಸು 0.2, ಒಟ್ಟು 1 ಗ್ರಾಂ. 168 ಬೆಳೆ ಬೇಕು. ವರ್ಷಕ್ಕೆ ಐದು ಬೆಳೆ ತೆಗೆದರೂ 33 ವರ್ಷ, ಅದೂ ಅಷ್ಟೂ ಕಾಲ ಗ್ರಾಹಕರಿಗೆ ಅಂಚಿನ ಸೊಪ್ಪು ತಿನ್ನಿಸಿದರೆ. ‘ಸಾಸಿವೆ, ಸೂರ್ಯಕಾಂತಿ ಹಾಕಿ, ಎರಡು ವರ್ಷದಲ್ಲಿ ಲೋಹ ಹೀರಿ ತೆಗೆಯುತ್ತವೆ’ ಎಂದು ಬರುವವರಿಗೆ ಇದೇ ಲೆಕ್ಕವನ್ನು ಮುಂದಿಡಿ: ಎಷ್ಟು ಟನ್ ಒಣ ಗಿಡ, ಕಿಲೋಗೆ ಎಷ್ಟು ಮಿಲಿಗ್ರಾಂ, ಕಿತ್ತ ಗಿಡ ಎಲ್ಲಿಗೆ? ಜಪಾನಿನ ಜಿಂಜೂ ನದಿ ಬಯಲಿನಲ್ಲಿ ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ಗದ್ದೆ ಸೇರಿ ಇತಾಯ್–ಇತಾಯ್ ಎಂಬ ಮೂಳೆ ಕಾಯಿಲೆ ಬಂತು, 1968ರಲ್ಲಿ ಸರ್ಕಾರ ಅದನ್ನು ಒಪ್ಪಿತು. ಅಲ್ಲಿ ಕೊನೆಗೆ ಮಾಡಿದ್ದು ಗಿಡ ನೆಡುವುದನ್ನಲ್ಲ, ಗದ್ದೆಯ ಮೇಲ್ಮಣ್ಣನ್ನು ಹೂತು ಹೊಸ ಮಣ್ಣು ಹಾಸುವುದನ್ನು. ಅದು ಮುಗಿದದ್ದು 2012ರಲ್ಲಿ.

ಸತುವನ್ನೂ ನೋಡಿ. ಹೂಳಿನಲ್ಲಿ 600 ಇದ್ದರೆ ಅರ್ಧ ಎಕರೆಗೆ 25 ಕಿಲೋ ಸತು ಬಿದ್ದಂತಾಯಿತು. ನೀವು ಹಾಕುತ್ತಿದ್ದ 5 ಕಿಲೋ ಜಿಂಕ್ ಸಲ್ಫೇಟಿನಲ್ಲಿರುವುದು ಸುಮಾರು 1 ಕಿಲೋ. ಮನುಷ್ಯರಿಗೆ ಇದರಿಂದ ತೊಂದರೆ ಕಡಿಮೆ, ಆದರೆ ಹುಳಿ ಮಣ್ಣಿನಲ್ಲಿ ಹುರುಳಿ ಅವರೆಯಂಥ ದ್ವಿದಳ ಬೆಳೆಯ ಬೇರುಗಂಟು ಸೊರಗಿ ಎಳೆ ಎಲೆ ಹಳದಿಯಾಗಬಹುದು. ಕಬ್ಬಿಣದ ಕೊರತೆ ಎಂದು ತಿಳಿದು ಸ್ಪ್ರೇ ಹೊಡೆಯುತ್ತ ಕೂರಬೇಡಿ. ಇನ್ನು ಮುಂದೆ ಆ ತುಂಡಿಗೆ ಜಿಂಕ್ ಸಲ್ಫೇಟ್ ಹಾಕುವುದನ್ನು ನಿಲ್ಲಿಸಿ.

ಅಂಕಿ ಸರಿಬಾರದಿದ್ದರೆ ಕೆರೆಯುವ ಕೆಲಸ. ಹೂಳು ಪುಡಿಯಾಗುವಷ್ಟು ಒಣಗುವ ಮೊದಲು, ಮಳೆಗೆ ಮೊದಲು ಮಾಡಿಸಿ. ಹದ ತೇವವಿದ್ದರೆ ಪದರ ಚಕ್ಕೆಯಾಗಿ ಏಳುತ್ತದೆ, ಧೂಳೂ ಏಳುವುದಿಲ್ಲ. ಬ್ಲೇಡನ್ನು 3 ಸೆಂಟಿಮೀಟರಿಗೆ ಇಳಿಸಿ, ಸ್ವಲ್ಪ ಕೆಂಪು ಮಣ್ಣು ಹೋದರೆ ಹೋಗಲಿ. ರಾಶಿಯನ್ನು ಬಾವಿ, ಹಳ್ಳ, ದನದ ಕೊಟ್ಟಿಗೆಯಿಂದ ದೂರ ಟಾರ್ಪಾಲಿನ ಮೇಲೆ ಹಾಕಿ, ಸುತ್ತ ಒಂದು ಅಡಿ ಬದು ಕಟ್ಟಿ, ಮೇಲೂ ಮುಚ್ಚಿ. ತಂದವರೇ ವಾಪಸು ಒಯ್ಯಬೇಕೆಂದು ವರದಿಯ ಪ್ರತಿಯೊಂದಿಗೆ ಬರೆದು ಕೇಳಿ, ಒಂದು ಪ್ರತಿ ಪಂಚಾಯಿತಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಕೊಡಿ. ಪಕ್ಕದವರ ಗುಂಡಿ ತುಂಬಿಸಲು ಮಾತ್ರ ಕೊಡಬೇಡಿ.

ಅಂಕಿ ಅಂಚಿನಲ್ಲಿದ್ದು ಉಳಿಸಿಕೊಳ್ಳುವುದಾದರೆ ಮೂರು ಕೆಲಸ. ಮೊದಲನೆಯದು ಸುಣ್ಣ. ರಸಸಾರವನ್ನು 6.5–7ಕ್ಕೆ ತಂದು ಅಲ್ಲೇ ನಿಲ್ಲಿಸಬೇಕು. ಎಷ್ಟು ಹಾಕಬೇಕೆಂಬುದು ಬಫರ್ ಪರೀಕ್ಷೆಯಿಂದ ಗೊತ್ತಾಗುತ್ತದೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ‘ಸುಣ್ಣದ ಅವಶ್ಯಕತೆ’ ಎಂದು ಕೇಳಿ. ಅದಕ್ಕೆ ಹೂಳಿನ ಗಂಧಕದ ಲೆಕ್ಕ ಸೇರಿಸಿ: 1 ಕಿಲೋ ಸಲ್ಫೈಡ್ ಗಂಧಕ ಪೂರ್ತಿ ಆಮ್ಲವಾದರೆ ತಣಿಸಲು 3.1 ಕಿಲೋ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ ಬೇಕು. ಒಣ ಹೂಳಿನಲ್ಲಿ ನೂರಕ್ಕೆ 0.1 ಇದ್ದರೂ 42 ಕಿಲೋ ಗಂಧಕ, 130 ಕಿಲೋ ಸುಣ್ಣದ ಪುಡಿ. ಒಂದು ಚೀಲ ಎರಚಿ ಕೈತೊಳೆದುಕೊಳ್ಳುವ ಕೆಲಸ ಅಲ್ಲ. ಕೃಷಿ ಸುಣ್ಣದ ಪುಡಿ ನುಣುಪಾಗಿರಲಿ, ಬಿತ್ತನೆಗೆ ಒಂದು ತಿಂಗಳ ಮೊದಲು ಬೆರೆಸಿ, ವರ್ಷಕ್ಕೊಮ್ಮೆ ರಸಸಾರ ನೋಡಿ. ಯೂರಿಯಾ, ಅಮೋನಿಯಂ ಸಲ್ಫೇಟ್ ಅದನ್ನು ಮತ್ತೆ ಇಳಿಸುತ್ತಲೇ ಇರುತ್ತವೆ. ಆರ್ಸೆನಿಕ್ ಹೆಚ್ಚಿದ್ದರೆ ಮಾತ್ರ ಸುಣ್ಣ ಹಾಕುವ ಮೊದಲು ಕೇಳಿ. ರಸಸಾರ ಏರಿದಂತೆ, ರಂಜಕ ಹೆಚ್ಚಿದಂತೆ ಅದು ಇತರ ಲೋಹಗಳಿಗೆ ತದ್ವಿರುದ್ಧವಾಗಿ ಸಡಿಲವಾಗುತ್ತದೆ.

ಎರಡನೆಯದು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ವರ್ಷವೂ. ಮೂರನೆಯದನ್ನು ಯಾರೂ ಹೇಳುವುದಿಲ್ಲ: ನೀರು. ಕ್ಲೋರೈಡ್ ಹೆಚ್ಚಿರುವ ಉಪ್ಪು ನೀರು ಕ್ಯಾಡ್ಮಿಯಂ ಜೊತೆ ಕೂಡಿ ಅದನ್ನು ಬೇರಿಗೆ ಹೊತ್ತು ತರುತ್ತದೆ. ಮಣ್ಣಿನಲ್ಲಿ ಇದ್ದಷ್ಟೇ ಕ್ಯಾಡ್ಮಿಯಂ ಇದ್ದರೂ ಉಪ್ಪು ಬೋರ್‌ವೆಲ್ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಹೆಚ್ಚು ಬರುತ್ತದೆ. ಪೊಟ್ಯಾಷನ್ನೂ ಮ್ಯೂರಿಯೇಟ್ ಬದಲು ಸಲ್ಫೇಟ್ ರೂಪದಲ್ಲಿ ಕೊಡಿ, ಮ್ಯೂರಿಯೇಟ್ ಎಂದರೆ ಕ್ಲೋರೈಡೇ.

ಬೆಳೆಯ ಆಯ್ಕೆ ಬದಲಾಗಲೇಬೇಕು. ಪಾಲಕ್, ದಂಟು, ಕೊತ್ತಂಬರಿ, ಮೆಂತ್ಯ, ಲೆಟ್ಯೂಸ್ ಆ ತುಂಡಿನಲ್ಲಿ ಬೇಡ. ಕ್ಯಾಡ್ಮಿಯಂ ಎಲೆಯಲ್ಲೇ ಸೇರುತ್ತದೆ, ತೊಳೆದರೆ ಹೋಗುವುದಿಲ್ಲ. ಮೂಲಂಗಿ, ಕ್ಯಾರೆಟ್, ಬೀಟ್‌ರೂಟೂ ಬೇಡ. ಸೀಸದ ಗುಣ ಬೇರೆ: ಗಿಡದೊಳಗೆ ಅದು ಕಷ್ಟಪಟ್ಟು ಏರುತ್ತದೆ, ಹೆಚ್ಚಾಗಿ ಗೆಡ್ಡೆಯ ಸಿಪ್ಪೆಯಲ್ಲಿ, ಮಳೆ ಹನಿ ಸಿಡಿದು ಎಲೆಗೆ ಹತ್ತಿದ ಮಣ್ಣಿನಲ್ಲಿ ಇರುತ್ತದೆ. ಟೊಮ್ಯಾಟೊ, ಬೀನ್ಸ್, ಸೌತೆ, ಹೀರೆ, ಮುಸುಕಿನ ಜೋಳದ ಕಾಳಿನಲ್ಲಿ ಎರಡೂ ಕಡಿಮೆ. ನಿಶ್ಚಿಂತೆ ಬೇಕೆಂದರೆ ಸೇವಂತಿಗೆ, ಚೆಂಡುಹೂವು, ಗುಲಾಬಿ. ಹೊಸಕೋಟೆ ಕಡೆ ಮಾರುಕಟ್ಟೆಯೂ ಇದೆ. ಹೂವಿನ ಗಿಡದ ಕಸವನ್ನು ಮಾತ್ರ ದನಕ್ಕೆ ಹಾಕಬೇಡಿ. ಹಿಪ್ಪುನೇರಳೆ ತಿನ್ನುವ ಬೆಳೆಯಲ್ಲವಲ್ಲ ಎಂದು ನೆಟ್ಟುಬಿಡಬೇಡಿ, ಆ ಸೊಪ್ಪು ತಿನ್ನುವ ಹುಳು ಲೋಹಕ್ಕೆ ಸೂಕ್ಷ್ಮ. ನೇಪಿಯರ್ ಹುಲ್ಲಾದರೆ ನೆಲಕ್ಕಿಂತ ಒಂದು ಗೇಣು ಮೇಲೆ ಕೊಯ್ದು ಮಣ್ಣು ಹತ್ತದಂತೆ ಹಾಕಿ. ಹಸು ಮೇಯುವಾಗ ಹುಲ್ಲಿಗಿಂತ ಮಣ್ಣಿನಿಂದಲೇ ಹೆಚ್ಚು ಸೀಸ ಒಳಗೆ ಹೋಗುತ್ತದೆ.

ಬೆಳೆ ಬಂದ ಮೇಲೆ ತಿನ್ನುವ ಭಾಗವನ್ನು ಒಮ್ಮೆ ಪರೀಕ್ಷೆ ಮಾಡಿಸಿ, ತೊಳೆದದ್ದು ಮತ್ತು ತೊಳೆಯದ್ದು ಎರಡನ್ನೂ. ಇಲ್ಲಿ ಒಂದು ಬಲೆಯಿದೆ: ಲ್ಯಾಬ್ ಒಣತೂಕಕ್ಕೆ ಅಂಕಿ ಕೊಡಬಹುದು, ಕೋಡೆಕ್ಸ್ ಮಿತಿ (ಸೊಪ್ಪಿಗೆ ಕ್ಯಾಡ್ಮಿಯಂ 0.2, ಸೀಸ 0.3) ಹಸಿತೂಕಕ್ಕೆ. ಪಾಲಕ್ಕಿನಲ್ಲಿ ನೂರಕ್ಕೆ ಸುಮಾರು 90 ಪಾಲು ನೀರು, ಹಾಗಾಗಿ ಒಣತೂಕದ 2 ಎಂದರೆ ಹಸಿಯ 0.2. ಭಾಗಿಸದೆ ಹೋಲಿಸಿದರೆ ವಿನಾಕಾರಣ ಹತ್ತು ಪಟ್ಟು ಹೆದರುತ್ತೀರಿ.

ಬೋರ್‌ವೆಲ್ ಕೆಟ್ಟೀತೇ ಎಂದು ನೀವು ಕೇಳಿಲ್ಲ, ಆದರೆ ಕೇಳುವವರು ಬಹಳ. ಒಂದು ಸಲ ಹಾಕಿದ ಹೂಳಿನಿಂದ ಸೀಸ, ಕ್ರೋಮಿಯಂ ನೂರಾರು ಅಡಿ ಇಳಿಯುವುದು ಅಪರೂಪ. ಅವು ಮೇಲಿನ ಒಂದು ಅಡಿ ಮಣ್ಣಿಗೇ ಅಂಟಿಕೊಳ್ಳುತ್ತವೆ. ಇಳಿಯುವುದು ಉಪ್ಪು, ನೈಟ್ರೇಟ್. ನೀರು ಪರೀಕ್ಷೆ ಮಾಡಿಸುವುದಾದರೆ ಮೊದಲು ಅವೆರಡನ್ನು ನೋಡಿಸಿ. ಹೂಳಿನ ಲವಣಾಂಶ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದರೆ ಲೋಹದ ಮಾತು ಬರುವ ಮೊದಲೇ ಬೀನ್ಸ್ ಸಸಿ ಸುಟ್ಟುಹೋಗುತ್ತದೆ.

ಮಾದರಿ ಮೂರನ್ನೂ ಈ ವಾರವೇ ತೆಗೆಯಿರಿ. ವರದಿಯ ಜೊತೆ ಎರಡು ಡಬ್ಬದ ರಸಸಾರದ ಅಂಕಿಗಳನ್ನು, ಹೂಳು ಕೊಟ್ಟವರ ಸರ್ಟಿಫಿಕೇಟಿನ ಪ್ರತಿಯನ್ನು ಕಳಿಸಿದರೆ ನಿಮ್ಮ ಅಂಕಿಯಲ್ಲೇ ಲೆಕ್ಕ ಮಾಡಿ ಬರೆಯುತ್ತೇನೆ.